ಗಂಧ ಹಚ್ಚಿದ ಕತ್ತಿ

ದ ವುಡ್‌ಲ್ಯಾಂಡ್ಸ್, ಹ್ಯೂಸ್ಟನ್
೨ ಮಾರ್ಚ್ ೨೦೨೫

ಮಾಯಾಳ ಅಪ್ಪನವರಿಗೆ,

ನಮಸ್ಕಾರ. ಕಾಗದ ನೋಡಿ ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಿದರೆ ಎರಡನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಮಗಳ ಕೈಲಿ ಹೇಳಿಕಳಿಸೋಣವೆಂದರೆ ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಖಾರವನ್ನೆಲ್ಲ ತೆಗೆದುಬಿಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ನಿಮ್ಮ ಕತ್ತಿವರಸೆಯ ಪರೀಕ್ಷೆಯಂತೆ, ಜಪಾನೀ ಕತ್ತಿಯನ್ನು ಕೊರಿಯರ್ ಮಾಡಬೇಕಂತೆ. ಆಗುವುದಿಲ್ಲ. ಅದರ ಒರೆ ಹಾಳಾಗಿದೆ. ಹಾಳು ಮಾಡಿದ್ದು ನಾನೇ.

ಆಯುಧಪೂಜೆಯನ್ನು ಪ್ರತಿ ವರ್ಷ ನೀವೇ ಮಾಡುತ್ತಿದ್ದಿರಿ. ಕಾರು, ಮಿಕ್ಸಿ, ನನ್ನ ಸ್ಟೆತಾಸ್ಕೋಪ್, ಯಾವುದನ್ನೂ ಬಿಡುತ್ತಿರಲಿಲ್ಲ. ಈ ಸಲ ನಾನೊಬ್ಬಳೇ. ರಿಟೈರ್ ಆದ ಮೇಲೆ ರೌಂಡ್ ರಾಕ್‌ನಲ್ಲಿ ಕತ್ತಿವರಸೆಯ ಗುರುಗಳ ಹತ್ತಿರ ಮೂರು ತಿಂಗಳು ಇದ್ದು ಬರುತ್ತೇನೆಂದು ಹೊರಟವರು ಡ್ರಿಲ್ಲು, ಲ್ಯಾಪ್‌ಟಾಪು, ಕೊನೆಗೆ ಕಾಫಿ ಫಿಲ್ಟರ್ ಕೂಡ ಒಯ್ದಿರಿ. ಈಗ ಒಂದು ವರ್ಷ ದಾಟಿತು. ನಿಮ್ಮ ಆಯುಧವೆಂದು ಮನೆಯಲ್ಲಿ ಉಳಿದದ್ದು ಕತ್ತಿಯೊಂದೇ. ಪ್ರಾಣದಂಥ ಕತ್ತಿ ಬಿಟ್ಟು ಹೋಗಿದ್ದಾರೆ ಎಂದರೆ ಬಂದೇ ಬರುತ್ತಾರೆ ಎಂದುಕೊಂಡಿದ್ದೆ. ಹುಚ್ಚಿ ನಾನು. ಗಂಧ, ಅರಿಶಿನ, ಕುಂಕುಮ ಧಾರಾಳವಾಗಿ ಹಚ್ಚಿ, ಹಸಿಹಸಿಯಾಗಿಯೇ ಒರೆಗೆ ಸೇರಿಸಿದೆ. ದೀಪಾವಳಿ ಕಳೆದ ಮೇಲೆ ಎಳೆದರೆ ಜಪ್ಪಯ್ಯ ಅಂದರೂ ಬರಲಿಲ್ಲ. ಬಂದಾಗ ಮೈತುಂಬ ತುಕ್ಕು, ಒರೆಯೊಳಗೆ ಬೂಸಲು.

ಸುಳ್ಳೇಕೆ, ಬೂದುಗುಂಬಳವನ್ನೂ ಅದರಿಂದಲೇ ಕಡಿದೆ. ಒಂದೇ ಏಟಿಗೆ ಎರಡು ಹೋಳಾಯಿತು. ಹರಿತ ಚೆನ್ನಾಗಿಯೇ ಇಟ್ಟಿದ್ದೀರಿ.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಆನ್‌ಲೈನ್‌ನಲ್ಲಿ ಸಿದ್ಧ ಒರೆಯೊಂದನ್ನು ತರಿಸಿದೆ. ಕತ್ತಿ ಅದರೊಳಗೆ ಗಿಲಕಿಯಂತೆ ಲೊಡಲೊಡ ಎಂದಿತು. ಹ್ಯೂಸ್ಟನ್ನಿನ ಮರಗೆಲಸದವನೊಬ್ಬ ಅಳತೆ ಬರೆದುಕೊಂಡು ಮಾಡಿಕೊಟ್ಟ. ಕತ್ತಿ ಅರ್ಧಕ್ಕೇ ನಿಂತಿತು. ಕೇಳಿದರೆ ನನ್ನ ಅಳತೆ ಸರಿಯಿದೆ, ನಿಮ್ಮ ಕತ್ತಿಯೇ ಬಾಗಿದೆ ಎಂದ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಮನೆಗೆ ಬಂದು ಸಿಟ್ಟಿಗೆ ಅತ್ತುಬಿಟ್ಟೆ.

ಕೊನೆಗೆ ಡಲ್ಲಾಸ್ ಕಡೆ, ಯೂಲೆಸ್‌ನಲ್ಲಿ ವಿಮಾನ ನಿಲ್ದಾಣದ ಪಕ್ಕ, ಜಪಾನೀ ಕತ್ತಿಗೆ ಒರೆ ಮಾಡುವವನೊಬ್ಬ ಸಿಕ್ಕ. ಮಹಾ ಸಿಡುಕ. ಶೆಡ್ಡಿನ ಮೇಲೆ ವಿಮಾನ ಹೋದಾಗಲೆಲ್ಲ ಮಾತು ನಿಲ್ಲಿಸಿ, ಅದು ದೂರವಾದ ಮೇಲೆ ನಿಲ್ಲಿಸಿದಲ್ಲಿಂದಲೇ ಮತ್ತೆ ಬೈಯುತ್ತಾನೆ. ತುಕ್ಕು ತೆಗೆಯುತ್ತೇನೆ, ಹಳೆಯ ಒರೆಗೆ ಮಾತ್ರ ಹಾಕಬೇಡ, ಮತ್ತೆ ತುಕ್ಕು ಹಿಡಿಯುತ್ತದೆ ಎಂದ. ಎರಡು ಹೋಳು ಮರವನ್ನು ಒಳಗಿನಿಂದ ಕೆತ್ತಿ, ಕತ್ತಿ ಇಟ್ಟು ನೋಡಿ, ಮತ್ತೆ ಕೆತ್ತಿ ಅಂಟಿಸಬೇಕಂತೆ. ಒಂದರ ಒರೆ ಇನ್ನೊಂದಕ್ಕೆ ಆಗುವುದೇ ಇಲ್ಲವಂತೆ. ಒರೆಯ ಬಾಯಿಯ ಬಿಗಿ ಮಾತ್ರ ಕತ್ತಿ ಹಿಡಿಯುವವರ ಕೈಗೆ ಒಪ್ಪಬೇಕಂತೆ. ಯಜಮಾನರೆಲ್ಲಿ ಎಂದು ಕೇಳಿದ. ಕೆಲಸದ ಮೇಲೆ ಊರಿಗೆ ಹೋಗಿದ್ದಾರೆ ಎಂದೆ. "ಯಾವಾಗ ಬರ್ತಾರೆ?" ಎಂದ. ಅಷ್ಟರಲ್ಲಿ ಒಂದು ವಿಮಾನ ಬಂತು, ಪುಣ್ಯಕ್ಕೆ.

ನನ್ನ ಕ್ಲಿನಿಕ್ ಬಿಟ್ಟು ನಿಮ್ಮ ಜೊತೆ ಹೊರಡಲು ನಾನು ಒಪ್ಪದಿದ್ದಾಗ, ಒಂದೇ ಒರೆಯಲ್ಲಿ ಎರಡು ಕತ್ತಿ ಇರುವುದಿಲ್ಲ ಎಂದು ಹೇಳಿ ಹೊರಟಿರಿ. ಒಂದು ಒರೆ ಮಾಡಿಸುವುದು ಎಂಥ ಪಾಡು ಎಂದು ಗೊತ್ತಿದ್ದರೆ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ. ನಾಲ್ಕು ನಾಲ್ಕು ಗಂಟೆ ಡ್ರೈವ್ ಮಾಡಿ ನನ್ನ ಸೊಂಟ ಬಿದ್ದುಹೋಗಿದೆ. ನನಗೆ ಸಾಕಾಗಿದೆ. ಒರೆ ಇನ್ನೂ ಆಗಿಲ್ಲ, ನೀವು ಬರದೆ ಆಗುವುದೂ ಇಲ್ಲ.

ಇಂತಿ,
ಸಿಟ್ಟು ಇಳಿಯದ
ಅನಸೂಯಾ

ಮರೆತ ಮಾತು: ಒರೆ ಆಗಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು, ಹೋದ ವಾರವೇ ಮುಗಿಯಿತು. ಕಾದು ಕಾದು ಬೇಸತ್ತು ಅವನು ಬಿಗಿಯನ್ನು ನನ್ನ ಕೈಗೇ ನೋಡಿ ಮುಗಿಸಿಕೊಟ್ಟ. ದೇವರ ಕೋಣೆಯಲ್ಲಿದೆ, ಗಂಧ ಹಚ್ಚಿಲ್ಲ. ಕೊರಿಯರ್ ಮಾತ್ರ ಮಾಡುವುದಿಲ್ಲ. ಬರುವಾಗ ಕಾಫಿ ಫಿಲ್ಟರ್ ತನ್ನಿ.