ಕುದಿಸಿದ ಕಲ್ಲು

ಲಾಪು-ಲಾಪು, ಮಕ್ತಾನ್ ದ್ವೀಪ
ಅಕ್ಟೋಬರ್ ೯, ಗುರುವಾರ

ಪ್ರೀತಿಯ ಮಗಳು ಜೊವೆಲಿನ್‌ಗೆ,

ಹೇಗಿದ್ದೀಯ ಮಗಳೇ? ಬೆಟ್ಟದ ಮೇಲೆ ಚಳಿ ಜೋರು ಎಂದು ನೀನು ಬರೆದಿದ್ದೆ. ಅಮ್ಮ ಹೆಣೆದ ಕಾಲುಚೀಲ ತಲುಪಿತೇ? ಮಠದಲ್ಲಿ ಕೆಂಪು ಬಣ್ಣದ್ದು ಹಾಕಿಕೊಳ್ಳಬಾರದೇನೋ ಎಂದು ನಾನು ಅನುಮಾನಪಟ್ಟರೆ, "ಅಷ್ಟುದ್ದ ಅಂಗಿಯೊಳಗೆ ಯಾರು ನೋಡ್ತಾರೆ, ದೇವರೊಬ್ಬನೇ" ಎಂದಳು. ಹೊಟ್ಟೆ ತುಂಬ ತಿನ್ನು. ಉಪವಾಸ ಎಂದರೆ ನಿನಗೆ ಮೊದಲಿನಿಂದಲೂ ಹುಮ್ಮಸ್ಸು ಜಾಸ್ತಿ, ಅದೇ ನನ್ನ ಹೆದರಿಕೆ. ನನ್ನ ಮಂಡಿ ಇದ್ದ ಹಾಗೇ ಇದೆ. ಅಮ್ಮನಿಗೆ ಸ್ವಲ್ಪ ಕೆಮ್ಮು. ಇಲ್ಲೇ ಪಕ್ಕದಲ್ಲಿ ಮಲಗಿಕೊಂಡು, ನಾನು ಬರೆದ ಒಂದೊಂದು ಸಾಲನ್ನೂ ಓದಿಸಿ ಕೇಳುತ್ತಿದ್ದಾಳೆ. "ಸ್ವಲ್ಪ ಅಂತ ಬರಿ" ಎಂದವಳೂ ಅವಳೇ.

ನಿನ್ನ ಗಾಜಿನ ತೊಟ್ಟಿಯ ಸಮಾಚಾರ ಕೇಳಿದ್ದೀಯಲ್ಲ, ಹೇಳುತ್ತೇನೆ. ಮೀನು ರಫ್ತು ಮಾಡುವ ಕಂಪನಿಯಲ್ಲಿ ನಾನು ಪ್ಯಾಕಿಂಗ್ ಮಾಡುವಾಗ ಮುರಿದುಹೋದ ಹವಳದ ಚೂರುಗಳನ್ನು ತಂದುಕೊಡುತ್ತಿದ್ದೆ, ನೀನು ಅವನ್ನು ಸಮುದ್ರದ ಕಲ್ಲಿಗೆ ಅಂಟಿಸಿ ಬದುಕಿಸುತ್ತಿದ್ದೆ. ನೀನು ಮಠ ಸೇರಿದ ಮೇಲೆ ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದಿದ್ದಕ್ಕೆ ಅಮ್ಮ ನನ್ನೊಡನೆ ಮಾತು ಬಿಟ್ಟಳು. ಉಪ್ಪುನೀರು ಹೊತ್ತು ತರುವುದು, ಗಾಜು ಉಜ್ಜುವುದು, ಮೀನಿಗೆ ಹೆಸರು ಹಿಡಿದು ಬೈಯುವುದು, ಎಲ್ಲ ಅವಳದೇ ಆಯಿತು.

ಮಳೆ ಶುರುವಾದಾಗ ನಿನ್ನ ಹಳದಿ ಮೀನು ಕಾಣೆಯಾಯಿತು. ನೆಗೆದು ಹೊರಗೆ ಬಿದ್ದಿರಬೇಕೆಂದು ಅಮ್ಮ ಬೀರುವಿನ ಅಡಿಗೆಲ್ಲ ಪೊರಕೆ ಆಡಿಸಿದಳು. ಆಮೇಲೆ ಹಸಿರು ಹವಳದ ಕೊಂಬೆಗಳು ಕತ್ತರಿಯಿಟ್ಟ ಹಾಗೆ ತುಂಡಾಗಿ ಬೆಳಿಗ್ಗೆ ಮರಳ ಮೇಲೆ ಬಿದ್ದಿರತೊಡಗಿದವು. ಬಸವನಹುಳುಗಳು ಬರೀ ಚಿಪ್ಪಾದವು. ಹಗಲು ಎಷ್ಟು ಹುಡುಕಿದರೂ ಏನೂ ಇಲ್ಲ, ನೀರು ತಿಳಿಯಾಗಿರುತ್ತಿತ್ತು. ನಾನೇ ನೀರಿಗೆ ಮದ್ದು ತಪ್ಪಾಗಿ ಹಾಕಿದ್ದೇನೆಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಕೊನೆಗೆ ಒಂದು ರಾತ್ರಿ, ಬೆಳಕಿಗೆ ಹೆದರಿ ಅಡಗದಿರಲೆಂದು ಕ್ರಿಸ್‌ಮಸ್ ನಕ್ಷತ್ರದ ಕೆಂಪು ಹಾಳೆಯನ್ನು ಟಾರ್ಚಿಗೆ ಸುತ್ತಿ ಇಬ್ಬರೂ ತೊಟ್ಟಿಯ ಮುಂದೆ ಕುಳಿತೆವು. ನಡುವಿನ ದೊಡ್ಡ ಕಲ್ಲಿನ ತೂತಿನಿಂದ ಮೊದಲು ಐದು ಮೀಸೆ ಬಂದವು, ಹಿಂದೆಯೇ ತಲೆ. ಹುಳು, ಮಗಳೇ. ನನ್ನ ಹೆಬ್ಬೆರಳಿನಷ್ಟು ದಪ್ಪ, ಮೈಯೆಲ್ಲ ಪಾರಿವಾಳದ ಕತ್ತಿನಂತೆ ಬಣ್ಣ ಬದಲಿಸುತ್ತಿತ್ತು. ಅವಸರವೇ ಇಲ್ಲ ಅದಕ್ಕೆ. ನಿನ್ನ ಪಟ್ಟೆ ಮೀನಿನ ಜೋಡಿಯಲ್ಲಿ ಹೆಣ್ಣು ನಿದ್ದೆಯಲ್ಲಿ ತುಸು ಕೆಳಗಿಳಿದಿತ್ತು. ದವಡೆ ತೆರೆದದ್ದು ಕಂಡಿತು, ಮುಚ್ಚಿದ್ದು ಕಾಣಲಿಲ್ಲ; ಮೀನು ಇರಲಿಲ್ಲ. ಅಮ್ಮ ನನ್ನ ಅಂಗಿ ಹಿಡಿದುಕೊಂಡಿದ್ದಳು. "ಇದು ಯಾವಾಗಿಂದ ನಮ್ಮನೇಲಿದೆ?" ಎಂದು ಕೇಳಿದಳು. ಆ ಕಲ್ಲು ತೊಟ್ಟಿಯ ಮೊದಲ ಕಲ್ಲು. ನಾವು ಅದರೆದುರು ಊಟ ಮಾಡಿದ್ದೇವೆ, ಜಪಮಾಲೆ ಹೇಳಿದ್ದೇವೆ, ನೀನು ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದೀಯ.

ಕಂಪನಿಯ ಗೆಳೆಯ ಡೊಮಿಂಗನಿಗೆ ಹೇಳಿದೆ. "ಕೈ ಹಾಕ್ಬೇಡ ಮಾರಾಯ, ಬೆರಳು ಹೋಗತ್ತೆ. ಶನಿವಾರ ಬಂದು ನಾನೇ ತೆಗೀತೀನಿ" ಎಂದ. ಅಮ್ಮ ಶನಿವಾರದವರೆಗೆ ಕಾಯುವ ಹೆಂಗಸೇ? ಕಳೆದ ಶುಕ್ರವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟ ಕೂಡಲೇ ಆ ಕಲ್ಲನ್ನು ಎತ್ತಿ, ಗಿರಾಕಿಗಳಿಗೆ ಮಾರಲು ತೆಂಗಿನ ಗರಿಯಲ್ಲಿ ಕಟ್ಟಿದ ಪೂಸೊ ಅನ್ನ ಬೇಯಿಸುವ ಹಂಡೆಯಲ್ಲಿ ಮುಳುಗಿಸಿ ಒಲೆ ಉರಿಸಿದ್ದಾಳೆ. ಮಧ್ಯಾಹ್ನ ಬಂದರೆ ಅಡುಗೆಮನೆ ತುಂಬ ಹಬೆ, ಎದುರು ನಿಂತವಳ ಮುಖವೇ ಕಾಣದು. "ಬಾ, ನಿನ್ನ ಶನಿವಾರ ಬೆಂದಿದೆ ನೋಡು" ಎಂದಳು. ಹುಳುವನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ನೇತುಹಾಕಿದಳು, ಅವಳಿಗಿಂತ ಉದ್ದವಿತ್ತು. ಪಕ್ಕದ ಮನೆಯ ಲೂಮೆನ್ ಬಂದು, "ಫೆಲಿಸಾ, ವಿನೆಗರ್ ಹಾಕಿ ಬಡಿಸ್ತೀಯೇನೇ?" ಎಂದರೆ, "ಮೊದಲ ತಟ್ಟೆ ನಿನ್ನ ಗಂಡನಿಗೇ" ಎಂದು ಅಮ್ಮ ನಕ್ಕಳು. ನಗುತ್ತಲೇ ಕೆಮ್ಮು ಹತ್ತಿತು.

ಆ ಕಲ್ಲಿನ ಮೇಲೆ ನೀನು ಬೆಳೆಸಿದ್ದ ಅಂಗಿಯ ಗುಂಡಿಯಂಥ ಕಂದು ಹವಳವೆಲ್ಲ ಬೆಂದು ಲೋಳೆಯಾಯಿತು, ಅದಕ್ಕೆ ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡ. ಹಂಡೆಯ ನೀರನ್ನು ಹಿತ್ತಲಿಗೆ ಚೆಲ್ಲಿದಳು. ಲೂಮೆನ್‌ಳ ನಾಯಿ ಅದನ್ನು ನೆಕ್ಕಿ, ಸಂಜೆಗೆ ನಮ್ಮ ಬೇಲಿಯ ಬುಡದಲ್ಲಿ ಸತ್ತು ಬಿದ್ದಿತ್ತು. ಅದಕ್ಕೆ ವಯಸ್ಸಾಗಿತ್ತು ಎಂದು ಬರೆಯಲು ಅಮ್ಮ ಹೇಳುತ್ತಿದ್ದಾಳೆ. ಅವತ್ತಿನಿಂದ ಅವಳ ಬಾಯಿ ಕಹಿ, ಕಬ್ಬಿಣ ನೆಕ್ಕಿದ ಹಾಗಂತೆ. ಗಂಜಿಯೂ ರುಚಿಸುತ್ತಿಲ್ಲ. ಉಳಿದ ಗಂಡು ಮೀನು ಚೆನ್ನಾಗಿದೆ ಎಂದು ತಪ್ಪದೆ ಬರೆಯಬೇಕಂತೆ. ಬರೆದಿದ್ದೇನೆ.

ಮಠದ ಸಿಸ್ಟರುಗಳಿಗೆಲ್ಲ ನಮ್ಮ ನಮಸ್ಕಾರ ತಿಳಿಸು. ಪ್ರಾರ್ಥನೆಗೆ ಮೊಣಕಾಲೂರಿದಾಗ ನಮ್ಮಿಬ್ಬರ ಕೈ ನಿನ್ನ ನೆತ್ತಿಯ ಮೇಲಿದೆ ಎಂದುಕೊ.

ನಿನ್ನ ಅಪ್ಪ,
ಕ್ರಿಸಾಂತೊ ಈನೋಕ್

ಮರೆತ ಮಾತು: ಅಮ್ಮನಿಗೆ ನಿದ್ದೆ ಹತ್ತಿದೆ. ಇದನ್ನು ವಾರ್ಡಿನ ಬಾಗಿಲಾಚೆ ನಿಂತು ಬರೆಯುತ್ತಿದ್ದೇನೆ. ಶುಕ್ರವಾರ ರಾತ್ರಿಯೇ ಉಸಿರು ಸಿಕ್ಕಿಕೊಂಡು ಆಸ್ಪತ್ರೆಗೆ ತಂದೆವು. ಆ ಕಂದು ಹವಳದಲ್ಲಿ ವಿಷವಿರುತ್ತದಂತೆ, ಕುದಿಸಿದರೆ ಹಬೆಯೊಂದಿಗೆ ಏರುತ್ತದಂತೆ. ಡೊಮಿಂಗ ಬಂದು ಹಂಡೆ ನೋಡಿ ತಲೆ ಹಿಡಿದುಕೊಂಡು ಕೂತ. ನಾನು ಬಾಗಿಲಲ್ಲಿ ನಿಂತಿದ್ದವನು, ನನಗೆ ಬರೀ ಜ್ವರಕ್ಕೆ ಮುಗಿಯಿತು. ಅವಳು ಬೆಳಗಿನಿಂದ ಒಲೆಯ ಮುಂದಿದ್ದಳು. ಇದಕ್ಕೆ ಮದ್ದಿಲ್ಲ, ದೇಹವೇ ತಡೆದುಕೊಳ್ಳಬೇಕು ಎನ್ನುತ್ತಾರೆ ಡಾಕ್ಟರು. ಇವತ್ತು, ಮಕ್ಕಳಿದ್ದರೆ ಕರೆಸಿ ಎಂದರು. ನಿನ್ನನ್ನು ಕರೆಸಕೂಡದೆಂದು ಅಮ್ಮ ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಾಳೆ. "ದೇವರಿಗೆ ಕೊಟ್ಟದ್ದನ್ನ ವಾಪಸ್ ಕೇಳಬಾರದು" ಅಂತಾಳೆ. ನಾನು ಕೇಳುತ್ತಿದ್ದೇನೆ. ಬಾ.

ಮಠದ ಮದರ್ ಅವರೇ, ಕಾಗದಗಳನ್ನು ಮೊದಲು ನೀವೇ ಒಡೆದು ಓದುತ್ತೀರೆಂದು ಗೊತ್ತು. ಮಠಕ್ಕೆ ಫೋನಿಲ್ಲವೆಂದು ದೋಣಿಯವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ, ಅವಳನ್ನು ಕರೆತರಲು ಅವನು ಬೆಟ್ಟದ ಕೆಳಗೆ ಕಾದಿರುತ್ತಾನೆ. ಹುಡುಗಿಯರಿಗೆ ಕಾಗದ ಕೊಡುವುದು ಭಾನುವಾರ ಮಾತ್ರವಂತೆ. ಇದನ್ನು ಭಾನುವಾರದವರೆಗೆ ಇಟ್ಟುಕೊಳ್ಳಬೇಡಿ.