ಗುಡುಗಣ್ಣನ ಕಡೆಯ ಕಂತು

ನಮ್ಮನೆ, ಮೂರನೇ ಮಹಡಿ,
ಅಡುಗೆಮನೆಯ ಅಲ್ಲಾಡುವ ಮೇಜು
ಹನ್ನೊಂದನೇ ತಾರೀಖು, ಭಾನುವಾರ ಸಂಜೆ

ಪ್ರೀತಿಯ ಅಣ್ಣಾ,

ಏಳು ಸಮುದ್ರಗಳ ಸಂಚಾರಿಯೂ ಎಂಜಿನ್ ರೂಮಿನ ಚಕ್ರವರ್ತಿಯೂ ಗ್ರೀಸ್ ಡಬ್ಬಿಗಳ ಒಡೆಯನೂ ಆದ ನಿನ್ನ ಪಾದಗಳಿಗೆ, ಬೂಟು ಬಿಚ್ಚಿದಾಗ ಅವು ಹೊರಡಿಸುವ ಪರಿಮಳವನ್ನು ನೆನೆದು ಸಾಕಷ್ಟು ದೂರದಿಂದಲೇ, ತಂಗಿಯ ನಮಸ್ಕಾರ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಭಾರ ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು ಎಂದು ಅಮ್ಮ ಬರೆಯಲು ಹೇಳಿದ್ದಾಳೆ. ಉಗುರಿನ ಸಂದಿಯ ಕಪ್ಪು ಹೋಗಿದೆಯೇ ಎಂದೂ ಕೇಳಿದ್ದಾಳೆ. “ಅವನು ಇಡೀ ಹಡಗಿನ ಎಣ್ಣೆ ಉಗುರಲ್ಲೇ ತರ್ತಾನೆ ಬಿಡು, ಹಿಂಡ್ಕೊಂಡ್ರೆ ವರ್ಷಕ್ಕಾಗತ್ತೆ” ಅಂದೆ, ಬೆನ್ನಿಗೊಂದು ಬಿತ್ತು. ಅಂದರೆ ಅಮ್ಮನ ಕೈಗಳು ಆರೋಗ್ಯವಾಗಿವೆ. ನಾನೂ ಕ್ಷೇಮ. ಬಚ್ಚಲಿನ ನಲ್ಲಿ ಮಾತ್ರ ನೀನು ಹೋದಾಗಿನಿಂದ ಅಳುತ್ತಲೇ ಇದೆ, ನೀನೇ ಬಂದು ಸಮಾಧಾನ ಮಾಡಬೇಕಂತೆ.

ಫೋನಿನಲ್ಲಿ ಟೈಪ್ ಮಾಡುವುದು ಬಿಟ್ಟು ಬಂದರಿನ ಆಫೀಸಿಗೆ ಕಾಗದ ಯಾಕೆ ಅನ್ನುತ್ತೀಯ. ಎಷ್ಟು ದೊಡ್ಡ ಮೆಸೇಜ್ ಬರೆದರೂ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಜವಾಬ್ದಾರಿ ಮುಗಿಸುವ ಆಸಾಮಿ ನೀನು. ಇದು ಹೆಬ್ಬೆರಳಿಗೆ ನಿಲುಕುವ ಸುದ್ದಿಯಲ್ಲ. ನಿಂತಿದ್ದರೆ ಕೂತುಕೋ. ಕೂತಿದ್ದರೆ ಏನನ್ನಾದರೂ ಹಿಡಿದುಕೋ. ಗುಡುಗಣ್ಣ ವಾಪಸ್ ಬಂದಿದ್ದಾನೆ.

ಅದೇ ಗುಡುಗಣ್ಣ ಕಣೋ. ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತಿದ್ದ ಪುಟ್ಟ ಮಹಾವೀರ. ಮುಖಕ್ಕಿಂತ ಮುಖವಾಡ ದೊಡ್ಡದಾಗಿ, ಪ್ರತಿ ಹೊಡೆದಾಟದಲ್ಲೂ ಅದು ಮೂಗಿನ ತುದಿಗೆ ಜಾರಿ, ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಲೋಕ ಉಳಿಸುತ್ತಿದ್ದವನು. ಊರಿನ ಬಣ್ಣವನ್ನೆಲ್ಲ ಹೀರಿ ಕಪ್ಪು ಮಾಡುತ್ತಿದ್ದ ಮಸಿರಾಯ ಅವನ ವೈರಿ. ಬೇರೆ ಮಕ್ಕಳಿಗೆ ಗುಡುಗಣ್ಣ ಟಿವಿಯೊಳಗಿದ್ದ, ನಮಗೆ ಅಡುಗೆಮನೆಯಲ್ಲಿದ್ದ. ಎಲ್ಲಿಂದಲೋ ಬಂದ ಆ ಕಾರ್ಟೂನಿನ ಹುಡುಗನಿಗೆ ನಮ್ಮ ಭಾಷೆಯ ದನಿ ಕೊಟ್ಟವಳು ಅಮ್ಮ. ಅಪ್ಪ ತೀರಿಕೊಂಡ ಮೇಲೆ ನಮ್ಮ ಸ್ಕೂಲು, ಮನೆ ಬಾಡಿಗೆ, ಮುಖವಾಡ ಹಾಕಿಕೊಂಡು ಮಂಚದಿಂದ ಹಾರಿ ನೀನು ಮುರಿದುಕೊಂಡ ಕೈಯ ಪ್ಲಾಸ್ಟರು, ಎಲ್ಲವೂ ಆ ಹುಡುಗನ ದುಡಿಮೆ. ಡಬ್ಬಿಂಗ್ ಅಂದರೆ ತೆರೆಯ ಮೇಲಿನ ಬಾಯಿ ತೆರೆದಿರುವಷ್ಟು ಹೊತ್ತು ಮಾತಿರಬೇಕು, ಮುಚ್ಚಿದ ಕೂಡಲೇ ನಿಲ್ಲಬೇಕು. ಆ ವಿದ್ಯೆಯಲ್ಲಿ ಅಮ್ಮನನ್ನು ಮೀರಿಸಿದವರಿರಲಿಲ್ಲ. ಆದರೆ ಅವಳಿಗೆ ಹೆಸರು ತಂದದ್ದು ಆ ವಿದ್ಯೆಯಲ್ಲ, ನಾವು. ಮೊದಲ ಕಂತಿನ ಕೊನೆಯಲ್ಲಿ ಮಾತು ಮುಗಿದರೂ ಗುಡುಗಣ್ಣನ ಬಾಯಿ ಆಡುತ್ತಲೇ ಇತ್ತು. ಅಮ್ಮ ಹಾಳೆ ನೋಡುತ್ತಾಳೆ, ಹಾಳೆ ಖಾಲಿ. ತಿರುಗಿ ನೋಡುತ್ತಾಳೆ, ನಾವಿಬ್ಬರೂ ಸ್ಟುಡಿಯೋದ ಮೇಜಿನ ಕೆಳಗೆ ಧೂಳಿನಲ್ಲಿ ಕೋಟೆ ಕಟ್ಟುತ್ತಿದ್ದೇವೆ. ಮೈಕು ತೆರೆದಿರುವುದು ಮರೆತು ಗದರಿದಳು: “ಸರಿ ಸರಿ, ಕೈಕಾಲು ತೊಳ್ಕೊಂಡು ಬನ್ನಿ!” ಅದು ಗುಡುಗಣ್ಣನ ತುಟಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತುಬಿಟ್ಟಿತು. ರೆಕಾರ್ಡಿಂಗ್‌ನವರು ನಕ್ಕು ಹಾಗೇ ಉಳಿಸಿದರು. ಅಲ್ಲಿಂದ ಮುಂದೆ ಪ್ರತಿ ಕಂತಿನಲ್ಲೂ ಮಸಿರಾಯನನ್ನು ಮಣ್ಣುಮುಕ್ಕಿಸಿದ ಮೇಲೆ ಗುಡುಗಣ್ಣ ಲೋಕದ ಮಕ್ಕಳಿಗೆಲ್ಲ ಕೈಕಾಲು ತೊಳೆಯಲು ಹೇಳಿದ. ಇಡೀ ಊರಿನ ಮಕ್ಕಳು ತೊಳೆದರು. ನಿನ್ನೊಬ್ಬನನ್ನು ಬಿಟ್ಟು.

ಆಮೇಲಿನದು ನಿನಗೆ ಗೊತ್ತು. ಕಡೆಯ ಕಂತು ಬರುವ ಹೊತ್ತಿಗೆ ಅಮ್ಮನ ಗಂಟಲಿನ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಉಳಿದದ್ದು ಒಡೆದ, ದಪ್ಪ, ಮರಳುಮರಳಾದ ದನಿ. ಕಡೆಯ ಕಂತಿಗೆ ಯಾರೂ ದನಿ ಕೊಡಲಿಲ್ಲ, ಅದು ನಮ್ಮ ಭಾಷೆಯಲ್ಲಿ ಬರಲೇ ಇಲ್ಲ. ಅಮ್ಮ ಪರದೆ ಹೊಲಿಯುವ ಕೆಲಸ ಹಿಡಿದಳು. ನಿನಗೆ ಗೊತ್ತಿಲ್ಲದ್ದು ಒಂದಿದೆ, ಅದನ್ನು ಈಗ ಗಂಭೀರವದನೆಯಾಗಿ ಹೇಳುತ್ತಿದ್ದೇನೆ. ನೀನು ಹಡಗು ಹತ್ತಿ ಮೊದಲ ಸಲ ಫೋನ್ ಮಾಡಿದಾಗ, ಹಿಂದೆ ಎಂಜಿನ್ ಭೋರೆನ್ನುತ್ತಿತ್ತು, ಇಲ್ಲಿ ಎತ್ತಿದ ದಪ್ಪ ದನಿಗೆ ಬಲು ವಿನಯದಿಂದ “ಸಾರ್, ಸ್ವಲ್ಪ ಅಮ್ಮನಿಗೆ ಕೊಡ್ತೀರಾ?” ಅಂದೆಯಲ್ಲ? ಆ ಸಾರ್ ಅಮ್ಮ. ಫೋನನ್ನು ನನ್ನ ಕೈಗಿಟ್ಟು ಹೊಲಿಗೆ ಮಿಷನ್ನಿಗೆ ಹೋಗಿ ಕೂತಳು. ಅಂದಿನಿಂದ ಯಾರ ಫೋನನ್ನೂ ಎತ್ತಿಲ್ಲ. ನೀನು ಕರೆ ಮಾಡಿದಾಗಲೆಲ್ಲ ಅವಳು ಸ್ನಾನಕ್ಕೆ ಹೋಗಿರುತ್ತಿದ್ದಳಲ್ಲ? ಅಷ್ಟು ಸ್ನಾನ ಮಾಡಿದ್ದರೆ ಇಷ್ಟು ಹೊತ್ತಿಗೆ ಕರಗಿಹೋಗಿರುತ್ತಿದ್ದಳು. ನಿನ್ನ ಮೇಲೆ ಕೋಪವಿಲ್ಲ ಕಣೋ. ಹೆತ್ತ ಮಗನೇ ಗುರುತು ಹಿಡಿಯದ ದನಿಯನ್ನು ಇನ್ನು ಯಾರಿಗೂ ಕೇಳಿಸಬಾರದು ಎಂದು ಪಣ ತೊಟ್ಟಿದ್ದಳು, ಅಷ್ಟೆ. ಅಂಗಡಿಯಲ್ಲಿ ಸನ್ನೆ, ಬಸ್ಸಿನಲ್ಲಿ ಸನ್ನೆ, ಮನೆಯಲ್ಲಿ ನನಗೆ ಮಾತ್ರ ಬೈಗುಳ.

ಈಗ ನಿನ್ನ ತಂಗಿಯ ಪರಾಕ್ರಮಕ್ಕೆ ಬರೋಣ. ನಾನು ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಹರಿಯುವ ಘನ ಹುದ್ದೆಯಲ್ಲಿರುವುದು ನಿನಗೆ ತಿಳಿದದ್ದೇ. ನಮ್ಮ ಮ್ಯಾನೇಜರ್ ಭಾನುವಾರದ ಬೆಳಗಿನ ಆಟಕ್ಕೆ ಜನವಿಲ್ಲವೆಂದು ಹಳೆಯ ಗುಡುಗಣ್ಣನನ್ನು ತಂದು ಹಾಕಿದರು. ಮಕ್ಕಳು ಬರುತ್ತಾರೆ ಅಂದುಕೊಂಡಿದ್ದರು. ಬಂದವರು ನಿನ್ನ ವಯಸ್ಸಿನ ಬೋಳುತಲೆಗಳು. ಟೈ ಕಟ್ಟಿದವರು, ಹೊಟ್ಟೆ ಬಂದವರು, ಕಂಕುಳಲ್ಲಿ ಮಗುವನ್ನು ಹೊತ್ತವರು. ಪ್ರತಿ ಕಂತಿನ ಕೊನೆಗೆ ಎಲ್ಲರೂ ಒಟ್ಟಿಗೆ “ಕೈಕಾಲು ತೊಳ್ಕೊಂಡು ಬನ್ನಿ!” ಎಂದು ಕೂಗಿ ನಿಜವಾಗಿಯೂ ತೊಳೆಯಲು ಹೊರಡುತ್ತಿದ್ದರು, ಟಾಕೀಸಿನ ನೀರಿನ ಟ್ಯಾಂಕು ಖಾಲಿಯಾಗುತ್ತಿತ್ತು. ಆದರೆ ಕಡೆಯ ಕಂತು ಬಂದದ್ದು ಮೂಕವಾಗಿ. ಸಂಗೀತವಿದೆ, ಢಾಂ ಢೂಂ ಇದೆ, ಮಾತಿಲ್ಲ. “ಕೈಬಿಡೋಣ” ಅಂದರು ಮ್ಯಾನೇಜರ್. ನಾನು ಮಾತ್ರ ಒಬ್ಬಳೇ ಪ್ರೊಜೆಕ್ಟರ್ ರೂಮಿನಲ್ಲಿ ಕೂತು ಅದನ್ನು ನೋಡಿದೆ. ನೋಡಿ ಎದ್ದವಳೇ, ಯಾರನ್ನೂ ಕೇಳದೆ, ಟಾಕೀಸಿನ ಬಾಗಿಲಿಗೆ ಆಳೆತ್ತರದ ಪೋಸ್ಟರ್ ಅಂಟಿಸಿದೆ: “ಕಡೆಯ ಕಂತು, ಗುಡುಗಣ್ಣನ ಅಸಲಿ ದನಿಯಲ್ಲಿ, ಎಲ್ಲರ ಎದುರು!” ಟಿಕೆಟ್ಟುಗಳು ಬಿಸಿಬಿಸಿಯಾಗಿ ಹೋದವು. ಅಸಲಿ ದನಿಗೆ ಈ ವಿಷಯ ತಿಳಿಸುವುದೊಂದು ಬಾಕಿ ಇತ್ತು.

ತಿಳಿಸುವ ಕಷ್ಟವನ್ನು ಪೋಸ್ಟರೇ ವಹಿಸಿಕೊಂಡಿತು. ಪರದೆ ಅಂಗಡಿಗೆ ಹೋಗುವ ದಾರಿಯಲ್ಲಿ ಅಮ್ಮ ಅದನ್ನು ಓದಿದಳು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುವಾಯಿತು. “ಸತ್ತುಹೋದ ದನೀನ ಎತ್ತಿ ಕೂರಿಸೋಕೆ ಟಿಕೆಟ್ ಬೇರೆ ಇಟ್ಟಿದೀಯೇನೇ? ನಿಂಗೆ ಹುಡುಗಾಟ, ನಂಗೆ ಪ್ರಾಣಸಂಕಟ. ಹೋಗು, ಆ ಪೋಸ್ಟರ್ ಕಿತ್ತು ಬಾ.” ಅವಳ ಕಣ್ಣಲ್ಲಿ ನೀರಿತ್ತು ಅಣ್ಣಾ. ಆದರೆ ನಾನು ಕಂತನ್ನು ನೋಡಿದ್ದೆ, ಅವಳು ನೋಡಿರಲಿಲ್ಲ. “ಆಯ್ತಮ್ಮ, ನೀನು ಮಾಡಬೇಡ. ನಾನೇ ಮಾಡ್ತೀನಿ” ಅಂದೆ. ಮಾರನೆಯ ದಿನದಿಂದ, ಅವಳು ಮಿಷನ್ ತುಳಿಯುತ್ತಿದ್ದಾಗ, ಅವಳ ಬೆನ್ನ ಹಿಂದೆ ಟಿವಿಯಲ್ಲಿ ಆ ಕಂತನ್ನು ಹಾಕಿ ತಾಲೀಮು ಶುರುಮಾಡಿದೆ. ಎಂಥ ತಾಲೀಮು! ಗುಡುಗಣ್ಣನಿಗೆ ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವವರ ದನಿ ಕೊಟ್ಟೆ. ಬಾಯಿ ಮುಚ್ಚಿದಾಗ ಭಾಷಣ ಮಾಡಿಸಿದೆ, ತೆರೆದಾಗ ಸುಮ್ಮನಿರಿಸಿದೆ. ಮಸಿರಾಯನ ಎದುರು ನಿಂತಾಗ “ನನಗೆ ಹಲ್ಲು ನೋಯುತ್ತಿದೆ” ಎಂದು ಹೇಳಿಸಿದೆ. ಮಿಷನ್ನಿನ ಸದ್ದು ಜೋರಾಗುತ್ತಾ ಹೋಯಿತು. ಒಂದು ಮಧ್ಯಾಹ್ನ ಥಟ್ಟನೆ ನಿಂತಿತು. “ಮುಚ್ಚಿದ ಬಾಯಲ್ಲಿ ಮಾತಾಡಿಸ್ತಿದೀಯಲ್ಲೇ ಕತ್ತೆ, ಅವನೇನು ಹೊಟ್ಟೇಲಿ ಮಾತಾಡ್ತಾನಾ? ಎಲ್ಲಿ, ತೋರ್ಸು ಇಲ್ಲಿ!” ಎಂದು ಕತ್ತರಿ ಹಿಡಿದೇ ತಿರುಗಿದಳು.

ತಿರುಗಿದವಳು ಹಾಗೇ ನಿಂತಳು. ಯಾಕೆಂದರೆ ಕಡೆಯ ಕಂತಿನ ಗುಡುಗಣ್ಣ ಹುಡುಗನಲ್ಲ. ಎಷ್ಟೋ ವರ್ಷ ಕಳೆದಿದೆ. ತಲೆ ನೆರೆತಿದೆ, ಬೆನ್ನು ಬಾಗಿದೆ, ಮುಖವಾಡ ಈಗ ಮುಖಕ್ಕೆ ಸರಿಯಾಗಿ ಕೂತಿದೆ. ಬೀದಿಬದಿಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದಾನೆ. ಒಂದು ಪುಟ್ಟ ಹುಡುಗಿ ಬಂದು, ನೀವು ಯಾರು ಅನ್ನುವ ಹಾಗೆ, ಅವನ ಮುಖವನ್ನೇ ನೋಡುತ್ತಾಳೆ. ಅವನ ತುಟಿ ನಿಧಾನವಾಗಿ ತೆರೆಯುತ್ತದೆ. ಅಮ್ಮನ ಕೈಯಲ್ಲಿ ಹಾಳೆ ಇರಲಿಲ್ಲ, ಕತ್ತರಿ ಮಾತ್ರ ಇತ್ತು. ಆ ಒಡೆದ, ಮರಳು ತುಂಬಿದ ದನಿಯಲ್ಲಿ ಅವಳು ಹೇಳಿದಳು: “ಯಾರೂ ಅಲ್ಲ ಮರೀ. ಹಿಂದೆ ಸ್ವಲ್ಪ ಗುಡುಗ್ತಾ ಇದ್ದೆ.” ಅವನ ತುಟಿ ಮುಚ್ಚಿದ ಜಾಗದಲ್ಲೇ ಅವಳ ಮಾತೂ ಮುಗಿಯಿತು. ಅದು ಅವನದೇ ದನಿ. ಬೇರೆ ಯಾವ ದನಿಯೂ ಅಲ್ಲಿ ಕೂರುತ್ತಿರಲಿಲ್ಲ, ಅವಳ ಆ ಹಳೆಯ ಬೆಳ್ಳಿಯಂಥ ದನಿ ಕೂಡ. ನನಗೆ ತಮಾಷೆಯ ಮಾತು ಹೊಳೆಯಲಿಲ್ಲ. ಹಡಗಿನ ದಿನಚರಿಯಲ್ಲಿ ಬೇಕಾದರೆ ಬರೆದಿಡು, ಇಂಥದ್ದು ಮತ್ತೆ ಸಂಭವಿಸಲಾರದು. ಅಮ್ಮ ಕುರ್ಚಿ ಎಳೆದುಕೊಂಡು ಕೂತು “ಹಿಂದಕ್ಕೆ ಹಾಕು, ಮೊದಲಿಂದ” ಅಂದಳು. ಟಿಕೆಟ್ಟು ಖರ್ಚಾದದ್ದು ಕಂಡು ಮನಸ್ಸು ಬದಲಿಸಿದ ಮ್ಯಾನೇಜರ್ ಬರೆಸಿಕೊಟ್ಟಿದ್ದ ಮಾತಿನ ಹಾಳೆಯಲ್ಲಿ ಆ ಜಾಗದಲ್ಲಿ ಬೇರೇನೋ ಇತ್ತು. ನಾನು ಅದಕ್ಕೆ ಅಡ್ಡಗೀಟು ಎಳೆದೆ.

ಆಮೇಲೆ ಮಸಿರಾಯರನ್ನು ಕರೆತಂದೆವು. ಮೇಲಿನ ಮನೆಯ ಕನ್ನಡಕದಂಗಡಿ ಮಾವ ಕಣೋ, ಆಗಲೂ ಮಸಿರಾಯನಿಗೆ ದನಿ ಕೊಟ್ಟವರು ಅವರೇ, ಇರುವೆಗೂ ದಾರಿ ಬಿಟ್ಟು ನಡೆಯುವ ಪುಣ್ಯಾತ್ಮರು. ತಾಲೀಮಿನಲ್ಲಿ “ನಿನ್ನನ್ನು ಸುಟ್ಟು ಮಸಿ ಮಾಡ್ತೀನಿ ಗುಡುಗಣ್ಣಾ!” ಎಂದು ಗರ್ಜಿಸುವುದು, ಕೂಡಲೇ ಅಮ್ಮನ ಕಡೆ ತಿರುಗಿ “ಜೋರಾಯ್ತಾ ಮೇಡಂ?” ಎಂದು ಕೇಳುವುದು. ಪ್ರತಿ ಬೆದರಿಕೆಗೂ ಒಂದು ಕ್ಷಮಾಪಣೆ. ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು. ಈ ಕಂತಿನ ಕೊನೆಯಲ್ಲೂ ಮಾತು ಮುಗಿದ ಮೇಲೆ ಗುಡುಗಣ್ಣನ ಬಾಯಿ ಆಡುತ್ತದೆ. ಅಲ್ಲಿ ಆ ಹಳೆಯ ಮಾತನ್ನು ಹೇಳಲು ಅಮ್ಮ ಸುತರಾಂ ಒಪ್ಪಲಿಲ್ಲ. “ಚಿಕ್ಕ ಹುಡುಗ ಹೇಳಿದ್ರೆ ಚೆಂದ. ಈ ದನೀಲಿ ಹೇಳಿದ್ರೆ ಕಾವಲುಗಾರ ಗದರಿದ ಹಾಗಿರುತ್ತೆ. ಬೇಡ.” ಅಲ್ಲಿ ಸುಮ್ಮನಿರುವುದು ಎಂದು ತೀರ್ಮಾನವಾಯಿತು.

ಇವತ್ತು ಬೆಳಿಗ್ಗೆ ಆಟ. ಕುರ್ಚಿ ಭರ್ತಿ, ಮೆಟ್ಟಿಲು ಭರ್ತಿ. ಅಮ್ಮ, ಮಸಿರಾಯರು, ಒಂದು ಮೈಕು, ನಾನು, ನಾಲ್ವರೂ ಪ್ರೊಜೆಕ್ಟರ್ ರೂಮಿನ ಸಣ್ಣ ಕಿಂಡಿಯ ಹಿಂದೆ. ದೀಪ ಆರಿತು. ಮಸಿರಾಯ ಮೊದಲು ಬಂದ, ಗರ್ಜಿಸಿದ, ಜನ ಸಿಳ್ಳೆ ಹಾಕಿದರು. ಇನ್ನು ಅಮ್ಮನ ಸರದಿ. ನೋಡುತ್ತೇನೆ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕಲ್ಲಾಗಿ ನಿಂತಿದ್ದಾಳೆ. ಕಿಂಡಿಯಾಚೆ ಅಷ್ಟು ಜನ, ಈಚೆ ಫೋನ್ ಎತ್ತದ ನಮ್ಮಮ್ಮ. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅಭ್ಯಾಸಬಲದಿಂದ ಮಸಿರಾಯರು, ತೆರೆದ ಮೈಕಿನಲ್ಲಿ, ಇಡೀ ಟಾಕೀಸಿಗೆ ಕೇಳುವಂತೆ, “ಜೋರಾಯ್ತಾ ಮೇಡಂ?” ಅಂದುಬಿಟ್ಟರು! ಜನ ಹೋ ಎಂದು ನಕ್ಕರು. ತೆರೆಯ ಮೇಲೆ ಮುದಿ ಗುಡುಗಣ್ಣ ಬಾಗಿಲು ತಳ್ಳಿಕೊಂಡು ಬಂದು ಬಾಯಿ ತೆರೆದ. ಅಮ್ಮನ ಅಂಗೈ ತಾನಾಗಿ ಜಾರಿತು. ಹಾಳೆಯಲ್ಲಿ ಇಲ್ಲದ ಮಾತು, ಅವನ ತುಟಿಯಾಟಕ್ಕೆ ಸರಿಯಾಗಿ: “ಜೋರೇನಿಲ್ಲ ಮಸಿರಾಯಾ. ಇನ್ನೂ ಸ್ವಲ್ಪ ಕಿರುಚು, ನನಗೆ ಈಗ ಕಿವಿ ಮಂದ.” ನಗು ಚಾವಣಿಗೆ ಹೋಗಿ ಬಡಿಯಿತು. ಆಮೇಲೆ ಅವಳನ್ನು ತಡೆಯುವವರಿರಲಿಲ್ಲ. ಕಟ್ಟೆಯ ಮೇಲಿನ ಆ ಮಾತು ಬಂದಾಗ ಟೈ ಕಟ್ಟಿದವನೊಬ್ಬ ಕನ್ನಡಕ ತೆಗೆದು ಒರೆಸಿಕೊಳ್ಳುವುದನ್ನು ಕಿಂಡಿಯಿಂದ ನಾನೇ ಕಂಡೆ.

ಕೊನೆಗೆ ಮಸಿರಾಯ ಸೋತ, ಬಣ್ಣಗಳೆಲ್ಲ ಮರಳಿದವು, ಮಾತು ಮುಗಿಯಿತು. ಗುಡುಗಣ್ಣ ನಮ್ಮ ಕಡೆ ತಿರುಗಿದ. ತುಟಿ ಆಡತೊಡಗಿತು. ಅಮ್ಮ ತೀರ್ಮಾನಿಸಿದಂತೆ ಸುಮ್ಮನಿದ್ದಳು. ಆದರೆ ಟಾಕೀಸು ಸುಮ್ಮನಿರಲಿಲ್ಲ ಅಣ್ಣಾ. ಅಷ್ಟೂ ಬೋಳುತಲೆಗಳು, ಅವರ ಮಕ್ಕಳು, ಮೆಟ್ಟಿಲ ಮೇಲೆ ಕೂತವರು, ನಮ್ಮ ಮ್ಯಾನೇಜರ್, ಎಲ್ಲರೂ ಒಂದೇ ಬಾಯಲ್ಲಿ ಅಮ್ಮನಿಗೇ ಅವಳ ಮಾತನ್ನು ಒಪ್ಪಿಸಿದರು: “ಸರಿ ಸರಿ, ಕೈಕಾಲು ತೊಳ್ಕೊಂಡು ಬನ್ನಿ!” ಗುಡುಗಣ್ಣನ ತುಟಿ ಮುಚ್ಚುವ ಮೊದಲು ಇನ್ನೊಂದೇ ಒಂದು ಸಲ ತೆರೆಯಿತು. ಆ ಚೂರು ಜಾಗವನ್ನು ಅಮ್ಮ ಬಿಟ್ಟಾಳೆಯೇ? ಮೈಕಿಗೆ ಬಾಯಿಟ್ಟು, ಇದ್ದಬದ್ದ ಗಂಟಲನ್ನೆಲ್ಲ ಕೂಡಿಸಿ ಗುಡುಗಿದಳು: “ಸೋಪು ಹಚ್ಚಿ!” ಆಮೇಲೆ ಎದ್ದ ಚಪ್ಪಾಳೆಯನ್ನು ಬರೆಯಲು ನನ್ನ ಪೆನ್ನಿಗೆ ಶಕ್ತಿಯಿಲ್ಲ. ಟಾಕೀಸಿನ ಟ್ಯಾಂಕು ಮತ್ತೆ ಖಾಲಿಯಾಯಿತು ಎಂದಷ್ಟೇ ತಿಳಿಸುತ್ತೇನೆ.

ಅಮ್ಮ ಈಗ ಹಾಲಿನವನ ಜೊತೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಜಗಳವಾಡುತ್ತಿದ್ದಾಳೆ. ಸನ್ನೆಯಲ್ಲಲ್ಲ, ಬಾಯಲ್ಲಿ. ಕೇಳಲು ಹಿತವಾಗಿದೆ. ಮಸಿರಾಯರು ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಜೋರಾಗಿದ್ದರೆ ಕ್ಷಮಿಸಬೇಕಂತೆ. ಕತ್ತಲಾದ ಮೇಲೆ ಹಡಗಿನ ಅಂಚಿಗೆ ಹೋಗಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು, ಬೇಗ ಬಾ.

ನಿನ್ನ ಒಬ್ಬಳೇ ತಂಗಿ, ಒಬ್ಬಳು ಸಾಲದೆಂದು ಹೇಳುವ ಧೈರ್ಯ ಯಾರಿಗೂ ಇಲ್ಲದ,
ತರಲೆ

ಅಯ್ಯೋ, ಇದನ್ನೇ ಬಿಟ್ಟೆ! ನಿನ್ನ ಹಡಗು ದಡ ಮುಟ್ಟಿದ ದಿನ ಅಮ್ಮ ತಾನೇ ಫೋನ್ ಮಾಡುತ್ತಾಳಂತೆ. ನಾನು ಪುಸಲಾಯಿಸಿಲ್ಲ, ಅವಳಾಗಿಯೇ ಹೇಳಿದ್ದು. “ಅವನಿಗೆ ಮೊದಲೇ ಹೇಳ್ಬೇಡ, ಗುರುತು ಹಿಡೀತಾನಾ ನೋಡೋಣ” ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಹೇಳುವುದಿಲ್ಲ ಎಂದು ಆಣೆ ಮಾಡಿದ್ದೇನೆ, ಬರೆಯುವುದಿಲ್ಲ ಎಂದು ಮಾಡಿಲ್ಲ. ಎಂಜಿನ್‌ನಿಂದ ದೂರ ಬಂದು ನಿಲ್ಲು. ದಪ್ಪ ದನಿಯೊಂದು ಹಲೋ ಅನ್ನುತ್ತದೆ. ಸಾರ್ ಅಂದೆಯೋ, ಈ ಜನ್ಮದಲ್ಲಿ ಮನೆಯ ಮೆಟ್ಟಿಲು ಹತ್ತಬೇಡ. ಹೇಗಿದ್ದೀಯ ಎಂದೂ ಕೇಳಬೇಡ. “ಕೈ ತೊಳ್ಕೊಂಡೆ ಅಮ್ಮಾ” ಅನ್ನು. ಅದಕ್ಕೆ ಮುಂಚೆ ಸೋಪು ಹಚ್ಚಿ ತೊಳೆದಿರು, ಖಂಡಿತ ಕೇಳುತ್ತಾಳೆ.