ಯಾವ ಹಬ್ಬಕ್ಕೆ ಬರುತ್ತೀಯ

ತೈಜ್, ಹಳ್ಳದ ಈಚೆ ಕಡೆ
ರಂಜಾನ್ ೨೯, ಸೋಮವಾರ, ಮಧ್ಯಾಹ್ನ

ಪ್ರೀತಿಯ ಮಗ ಮುನೀಫನಿಗೆ,

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಮೈ ಹುಷಾರಾಗಿದೆಯೇ? ಗಿರಣಿಯ ಹಿಟ್ಟಿನ ಧೂಳಿಗೆ ಬರುತ್ತಿದ್ದ ಕೆಮ್ಮು ಹೋಯಿತೇ? ಉಪವಾಸದಲ್ಲಿ ಮೂಟೆ ಹೊರಬೇಡ ಎಂದರೆ ಕೇಳುವವನಲ್ಲ ನೀನು. ನಾವಿಲ್ಲಿ ಚೆನ್ನಾಗಿದ್ದೇವೆ, ಅಂದರೆ ಎಲ್ಲರೂ ಇದ್ದೇವೆ. ಅಪ್ಪನ ಮಂಡಿನೋವು ಹೋಗಿಲ್ಲ, ಆದರೂ ಐದು ಹೊತ್ತೂ ಮಸೀದಿಗೆ ಹೋಗಿ ಬಾಂಗ್ ಕೂಗುವುದನ್ನು ಬಿಟ್ಟಿಲ್ಲ. ಅಫ್ರಾಳಿಗೆ ಹಾಲು ಕುಡಿಸುವವಳು ಉಪವಾಸ ಮಾಡಬಾರದು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ನಿನಗೆ ತಕ್ಕ ಹೆಂಡತಿ. ಮಗಳು ಅರ್ವಾಳಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಮೂಗು ನಿನ್ನದು, ಸಿಟ್ಟು ಮಾತ್ರ ನನ್ನದು ಎನ್ನುತ್ತಾರೆ. ಹುಟ್ಟಿಸಿದ ನೀನೊಬ್ಬನೇ ಅವಳನ್ನು ಇನ್ನೂ ನೋಡಿಲ್ಲ.

ಈ ದೇಶದ ಸುದ್ದಿ ಬರೆಯೋಣವೆಂದರೆ ನನಗೇ ಏನೂ ಅರ್ಥವಾಗುವುದಿಲ್ಲ. ಹಳ್ಳದ ಈಚೆಗೊಂದು ಸರ್ಕಾರ, ನೀನಿರುವ ಆಚೆಗೊಂದು. ಅರ್ವಾಳ ಜನನ ಪತ್ರಕ್ಕೆ ಇಲ್ಲಿನ ಕಚೇರಿಯಲ್ಲಿ ಮೊಹರು ಹಾಕಿಸಿದೆವು. ಅದು ನಿಮ್ಮ ಕಡೆ ನಡೆಯುವುದಿಲ್ಲವಂತೆ. ಹಾಗಾದರೆ ಹಳ್ಳದ ಆಚೆಗೆ ಈ ಹುಡುಗಿ ಹುಟ್ಟಿಯೇ ಇಲ್ಲ, ಇಲ್ಲಿ ನೋಡಿದರೆ ಮನೆಯೆಲ್ಲ ಅವಳದೇ ರಂಪ. ನಮ್ಮ ಹೊಸ ನೋಟು ನಿಮ್ಮ ಅಂಗಡಿಯಲ್ಲಿ ಬರೀ ಕಾಗದ. ಪಕ್ಕದ ಮನೆಯ ವಹ್ಬಿಯಾಳ ಕಥೆ ಇನ್ನೂ ಚೆಂದ. ಅವಳ ದೊಡ್ಡ ಮಗ ಈ ಸೈನ್ಯದಲ್ಲಿ, ಚಿಕ್ಕವನು ಆ ಸೈನ್ಯದಲ್ಲಿ. ನಿನ್ನೆ ಬೀನ್ಸು ಬಿಡಿಸುತ್ತಾ ಕೂತಿದ್ದವಳು, "ಇಬ್ಬರಿಗೂ ಸಂಬಳ ಬಂದಿಲ್ಲ ಕಣೇ. ಅದೊಂದರಲ್ಲಿ ಮಾತ್ರ ಎರಡು ಸರ್ಕಾರಾನೂ ಒಗ್ಗಟ್ಟು ನೋಡು" ಎಂದಳು. ನಕ್ಕೆವು. ಆಮೇಲೆ ಅವಳು ಮತ್ತೆ ಬೀನ್ಸು ಬಿಡಿಸತೊಡಗಿದಳು. ಪ್ರಾರ್ಥನೆಯಲ್ಲಿ ಯಾರು ಗೆಲ್ಲಲಿ ಎಂದು ಕೇಳುವುದೋ ಆ ತಾಯಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.

ನೀನು ಡ್ರೈವರ್ ಖಾಯಿದ್ ಬಾಯಲ್ಲಿ ಹೇಳಿ ಕಳಿಸಿದ ಮಾತು ತಲುಪಿತು. "ಹಬ್ಬದ ಬೆಳಗ್ಗೆ ಅಪ್ಪ ಮೈಕಲ್ಲಿ ಕೂಗೋ ತಕ್ಬೀರ್ ಕಿವಿಗೆ ಬಿದ್ದ ತಕ್ಷಣ ಹಳ್ಳಕ್ಕೆ ಇಳಿದುಬಿಡ್ತೀನಿ, ಅಮ್ಮಂಗೆ ಹೇಳು" ಅಂದೆಯಂತೆ. ಹಬ್ಬದ ಮೂರು ದಿನ ಹಳ್ಳದ ದಾರಿಯಲ್ಲಿ ಯಾರೂ ಗುಂಡು ಹಾರಿಸುವುದಿಲ್ಲ ಎಂದು ಎರಡೂ ಕಡೆಯ ಹಿರಿಯರು ಮಾತು ಕೊಟ್ಟಿದ್ದಾರಲ್ಲ, ಅದನ್ನು ಕೇಳಿದ ದಿನದಿಂದ ನನಗೆ ಕೈಕಾಲು ನಿಲ್ಲುತ್ತಿಲ್ಲ. ಬೆಟ್ಟದ ಸುತ್ತು ದಾರಿಯಲ್ಲಿ ನಿನ್ನ ವಯಸ್ಸಿನವರನ್ನು ಪ್ರತಿ ತಪಾಸಣೆಯಲ್ಲೂ ಇಳಿಸಿಕೊಳ್ಳುತ್ತಾರೆ. ಖಾಯಿದ್‌ನಂಥ ಹಲ್ಲಿಲ್ಲದ ಮುದುಕ ಮಾತ್ರ ಅತ್ತಿತ್ತ ಓಡಾಡಬಲ್ಲ. ಟವರ್ ಬಿದ್ದ ಮೇಲೆ ಫೋನಂತೂ ಸತ್ತೇ ಹೋಗಿದೆ. ಇರುವುದು ಈ ಹಬ್ಬ ಒಂದೇ. ಹಬ್ಬದ ಬೆಳಗ್ಗೆಗೆಂದು ಜೇನು ತರಿಸಿದ್ದೇನೆ, ಪದರ ರೊಟ್ಟಿಗೆ ತುಪ್ಪ ಕಾಯಿಸಿಟ್ಟಿದ್ದೇನೆ. ಅಫ್ರಾ ನೆರೆಮನೆಯಿಂದ ಗೋರಂಟಿ ತಂದು ಬಚ್ಚಿಟ್ಟಿದ್ದಾಳೆ, ನಾನು ನೋಡಿಲ್ಲವೆಂದು ಅವಳ ಎಣಿಕೆ. ಅಪ್ಪ ಏನೂ ಆಡಿ ತೋರಿಸುವುದಿಲ್ಲ, ಆದರೆ ನಾಲ್ಕು ದಿನದಿಂದ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆಯುತ್ತಿದ್ದಾರೆ, ದನಿ ನಿನ್ನವರೆಗೂ ಮುಟ್ಟಲಿ ಎಂದು.

ಬರುವಾಗ ಏನೂ ತರಬೇಡ. ಕೈ ಬೀಸಿಕೊಂಡು ಬಾ, ಕೈಯಲ್ಲಿ ಏನಿದ್ದರೂ ದೂರದಿಂದ ನೋಡುವವರಿಗೆ ಬಂದೂಕಿನಂತೆ ಕಾಣುತ್ತದೆ. ನಿನ್ನ ಜೊತೆಯ ಕೆಲಸಗಾರರಿಗೆಲ್ಲ ನನ್ನ ಸಲಾಮು ಹೇಳು, ಅವರೂ ಯಾರೋ ತಾಯಂದಿರ ಮಕ್ಕಳೇ. ಅಪ್ಪನ ಆಶೀರ್ವಾದ, ಅಫ್ರಾಳ ನೆನಪು, ಅರ್ವಾಳ ಎಂಜಲು ಮುತ್ತು. ದೇವರು ನಿನ್ನ ಒಂದೊಂದು ಹೆಜ್ಜೆಯನ್ನೂ ಕಾಯಲಿ.

ನಿನ್ನ ಅಮ್ಮ,
ತಖಿಯ್ಯಾ

ಮತ್ತೆ: ಕತ್ತಲಾಗುತ್ತಿದೆ, ಖಾಯಿದ್ ಗಾಡಿ ಶುರು ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಉಪವಾಸ ಬಿಟ್ಟು ಖರ್ಜೂರ ಬಾಯಿಗಿಡುವಾಗ ನಮ್ಮ ಸರ್ಕಾರದ ರೇಡಿಯೋ ಚಂದ್ರ ಕಂಡಿದ್ದಾನೆ, ನಾಳೆ ಮಂಗಳವಾರ ಹಬ್ಬ ಎಂದಿತು. ಬೀದಿಯೆಲ್ಲ ಕುಣಿಯಿತು. ವಹ್ಬಿಯಾ ನಿಮ್ಮ ಕಡೆಯ ರೇಡಿಯೋ ಹಾಕಿದಳು. ಚಂದ್ರ ಕಂಡಿಲ್ಲ, ನಾಳೆಯೂ ಉಪವಾಸ, ಬುಧವಾರ ಹಬ್ಬ ಎಂದು ಅಲ್ಲಿ ಹೇಳುತ್ತಿದ್ದಾರೆ. ಇರುವುದು ಒಂದೇ ಆಕಾಶ, ಅದನ್ನೂ ಹಂಚಿಕೊಂಡರು. ನಾನು ಓಡಿಹೋಗಿ ಮಾತು ಕೊಟ್ಟು ಬಂದ ನಮ್ಮ ಕಡೆಯ ಹಿರಿಯನೊಬ್ಬನನ್ನು ಕೇಳಿದೆ, ಗುಂಡು ನಿಲ್ಲಿಸುವುದು ಯಾರ ಹಬ್ಬಕ್ಕೆ ಎಂದು. ಆತ ಗಡ್ಡ ಕೆರೆದುಕೊಂಡು, "ಹಬ್ಬ ಅಂದ್ರೆ ಹಬ್ಬ ಅಲ್ವೇನಮ್ಮಾ? ಅದನ್ನ ಯಾರೂ ಕೇಳ್ಲೇ ಇಲ್ಲ" ಎಂದ. ನಾಳೆ ನಮ್ಮವರ ಬಂದೂಕು ಮಲಗಿರುತ್ತದೆ, ನಿನ್ನ ಬೆನ್ನ ಹಿಂದಿನದು ಎದ್ದಿರುತ್ತದೆ. ಅವರಿಗೆ ನಾಳೆ ಯುದ್ಧದ ದಿನ.

ನಾಳೆ ಬರಬೇಡ. ಬೇರೆ ಮಸೀದಿಗಳಲ್ಲಿ ಈಗಾಗಲೇ ತಕ್ಬೀರ್ ಶುರುವಾಗಿದೆ, ಅದನ್ನು ಕೇಳಿ ಹೊರಡಬೇಡ. ಬುಧವಾರ ಇಬ್ಬರಿಗೂ ಹಬ್ಬ, ಆವತ್ತು ಬಾ. ಆದರೆ ಬೆಟ್ಟ ಸುತ್ತಿ ಖಾಯಿದ್ ತಲುಪುವುದು ನಾಳೆ ಮಧ್ಯಾಹ್ನ, ನೀನು ಹೊರಡುವುದು ಬೆಳಗ್ಗೆ. ಇದನ್ನು ಹೇಳಿದಾಗ ಅಪ್ಪ ಮಸೀದಿಗೆ ಹೋಗಿ ಮೈಕಿನ ತಂತಿ ಕಿತ್ತು ಜೇಬಿಗೆ ಹಾಕಿಕೊಂಡು ಬಂದರು. "ಕೇಳಿದವರಿಗೆ ಮೈಕ್ ಕೆಟ್ಟಿದೆ ಅಂತೀನಿ. ಹಬ್ಬದ ದಿನ ಸುಳ್ಳು ಹೇಳಿದ ಪಾಪ ನನ್ನ ತಲೆಗೇ ಇರ್ಲಿ" ಎಂದರು. ಈಗ ಗೋಡೆ ಕಡೆ ತಿರುಗಿ ಕೂತಿದ್ದಾರೆ. ಹುಡುಗನಾಗಿದ್ದಾಗಿನಿಂದ ಹಬ್ಬದ ಬೆಳಗ್ಗೆ ಸುಮ್ಮನಿದ್ದವರಲ್ಲ.

ಅವರ ದನಿ ಕೇಳಿಸದಿದ್ದರೆ ಅಪ್ಪನಿಗೇನೋ ಆಯಿತೆಂದು ಗಾಬರಿಯಾಗಿ ಓಡಿಬಂದುಬಿಡಬೇಡ ನನ್ನಪ್ಪಾ. ಇನ್ನು ಬರೆಯಲಾರೆ, ಖಾಯಿದ್ ಕೈ ಚಾಚುತ್ತಿದ್ದಾನೆ. ನಾಳೆ ಮಧ್ಯಾಹ್ನ ಈ ಪತ್ರವನ್ನು ಒಡೆದು ಓದುವವನು ನೀನೇ ಆಗಿರು, ಮಗನೇ.